ಗೋಡೆಗೆ ಮುಖ ಮಾಡಿದ ಗಿಟಾರು

ಅವ್ವ ಸತ್ತು ವರ್ಷವಾದದ್ದಕ್ಕೆ ಚರ್ಚಿನಲ್ಲಿ ಮಾಡಿಸಿದ ಬಲಿಪೂಜೆ ನಿನ್ನೆ ಮುಗಿದಿತ್ತು. ಇನ್ನು ಗಿಟಾರನ್ನು ತಿರುಗಿಸಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ ಎರ್ಮಿಂದಾ ಬೆಳಗಿನಿಂದ ಒಳಕೋಣೆಗೆ ಹೋಗಬೇಕಾದಾಗಲೆಲ್ಲ ಕಣ್ಣನ್ನು ನೆಲಕ್ಕೆ ನೆಟ್ಟು ಹೋಗಿ, ಬೇಕಾದ್ದನ್ನು ತೆಗೆದುಕೊಂಡು, ಹಾಗೇ ಹೊರಗೆ ಬರುತ್ತಿದ್ದಳು. ಹಿಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ನಾದಿದಳು. ಕೋಳಿಗಳಿಗೆ ಜೋಳ ಚೆಲ್ಲಿ, ಚೆಲ್ಲಿದ್ದು ಮರೆತು, ಮತ್ತೆ ಚೆಲ್ಲಿದಳು. ವರ್ಷಪೂರ್ತಿ ಉಟ್ಟ ಕರಿಬಟ್ಟೆ ಬಿಟ್ಟು ಇವತ್ತು ಬೂದು ಲಂಗ ಹಾಕಿಕೊಂಡಿದ್ದಳು. ಯಾರದೋ ಬಟ್ಟೆಯನ್ನು ಹೇಳದೆ ಕೇಳದೆ ಉಟ್ಟ ಹಾಗೆ ಮೈ ಮುಜುಗರಪಡುತ್ತಿತ್ತು. ಗಿಟಾರು ಒಳಕೋಣೆಯ ಮೊಳೆಗೆ, ಕುತ್ತಿಗೆಗೆ ಕರಿ ಪಟ್ಟಿ ಕಟ್ಟಿಸಿಕೊಂಡು, ಮುಖವನ್ನು ಗೋಡೆಗೆ ಒತ್ತಿ, ಮನೆಯವರಿಗೆ ಬೆನ್ನು ತೋರಿಸಿ ತೂಗುತ್ತಿತ್ತು. ಹಾಡುವವಳು ಸತ್ತ ಮನೆಯಲ್ಲಿ ಗಿಟಾರಿಗೂ ಸೂತಕ. ವರ್ಷ ತುಂಬುವವರೆಗೆ ಅದರ ತಂತಿ ಮೀಟುವಂತಿಲ್ಲ, ಮುಖ ನೋಡುವಂತಿಲ್ಲ. ಕೌಕೆನೆಸ್ ಪಟ್ಟಣದ ಆಚೆಯ ಈ ಗುಡ್ಡಗಳಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮಣ್ಣು ಮಾಡಿ ಬಂದ ದಿನ ಅದನ್ನು ತಿರುಗಿಸಿ ಹಾಕಿದವಳು ಅವಳೇ. ಆಗ ಅಳು ಬರುತ್ತದೆ ಎಂದುಕೊಂಡಿದ್ದಳು. ಸುತ್ತ ನಿಂತ ಹೆಂಗಸರೂ ಅದಕ್ಕೇ ಕಾದಿದ್ದರು. ಬಂದದ್ದು ಬೇರೆ. ಗಿಟಾರಿನ ದುಂಡು ಹೆಗಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿಸುವಾಗ ಹೊಟ್ಟೆಯೊಳಗೆ ಎಲ್ಲೋ ಒಂದು ಸಣ್ಣ ಖುಷಿ ಕದಲಿತು. ಅದಕ್ಕೆ ಹೆಸರಿಡಲು ಅವಳಿಗೆ ಧೈರ್ಯವಾಗಲಿಲ್ಲ. ಗೋಡೆ ಕಡೆ ತಿರುಗು. ಅದು ಅವ್ವನ ಮಾತು. ಯಾರದೋ ಮದುವೆಯ ಅಂಗಳ, ಬೆಂಚಿನ ಮೇಲೆ ಗಂಡಸರು, ಕೆಂಪು ವೈನಿನ ವಾಸನೆ, ಅವ್ವನ ಶಾಲು ಹಿಡಿದು ನಿಂತ ಹುಡುಗಿ. ಅವ್ವ ಶ್ರುತಿ ಕೂಡಿಸಲು ಬಿರಡೆಗೆ ಕೈ ಹಾಕುವ ಮೊದಲು ತಲೆಯೆತ್ತದೆ ಅನ್ನುತ್ತಾಳೆ, "ಎರ್ಮಿಂದಾ, ಗೋಡೆ ಕಡೆ ತಿರುಗು." ಗಂಡಸರು ನಗುತ್ತಾರೆ. ಸ್ವಂತ ಮಗಳನ್ನೂ ನಂಬುವುದಿಲ್ಲವಲ್ಲ ದೋನ್ಯಾ ಕ್ಲೊರಿಂದಾ ಎಂದು ಯಾರೋ, ಗೌರವದ ದೋನ್ಯಾ ಸೇರಿಸಿಯೇ, ಅವ್ವನನ್ನು ಕೆಣಕುತ್ತಾರೆ. ಅವ್ವನೂ ನಗುತ್ತಾಳೆ: "ಕೋಳಿ ಕದ್ದರೆ ಇನ್ನೊಂದು ಸಾಕ್ತೀನಪ್ಪ. ಶ್ರುತಿ ಕದ್ದರೆ ಎಲ್ಲಿಂದ ತರಲಿ?" ಹುಡುಗಿ ತಿರುಗಿ ನಿಲ್ಲುತ್ತಾಳೆ. ಎದುರಿಗೆ ಸುಣ್ಣದ ಗೋಡೆ, ಸುಣ್ಣದಲ್ಲಿ ಸಿಕ್ಕಿಕೊಂಡ ಒಂದು ಹುಲ್ಲೆಸಳು, ಬೆನ್ನ ಮೇಲೆ ಅಷ್ಟೂ ಜನರ ಕಣ್ಣು. ಕಿವಿ ಸುಡುತ್ತದೆ. ಹಾಡು ಮುಗಿದ ಮೇಲೆ ಅವ್ವ, ಯಾರೋ ನೀಡಿದ ಲೋಟಕ್ಕೆ ತುಟಿ ತಾಗಿಸುವ ಮೊದಲೇ, ಎಲ್ಲ ತಂತಿಗಳನ್ನೂ ಸಡಿಲಿಸಿಬಿಡುತ್ತಿದ್ದಳು. ಗಿಟಾರು ಇನ್ನೊಬ್ಬರ ಕೈಗೆ ಹೋದರೂ ಅದರೊಳಗೆ ಅವಳದ್ದೇನೂ ಉಳಿಯಬಾರದು.

ಕೊನೆಯ ಸಂಜೆ ಮಾತ್ರ ಹಾಗಾಗಲಿಲ್ಲ. ಅವ್ವ ಒಬ್ಬಳೇ ಹಾಸಿಗೆಯಂಚಿಗೆ ಕೂತು ಏನನ್ನೋ ನುಡಿಸಿಕೊಂಡಳು, ಉಸಿರು ಸಿಗುತ್ತಿಲ್ಲ ಎಂದಳು, ಗಿಟಾರನ್ನು ಪಕ್ಕಕ್ಕೆ ಮಲಗಿಸಿ ತಾನೂ ಮಲಗಿದಳು. ತಂತಿಗಳು ಬಿಗಿಯಾಗಿಯೇ ಉಳಿದವು. ಎರ್ಮಿಂದಾ ಅದನ್ನು ಆಗಲೇ ಗಮನಿಸಿದ್ದಳು. ಅವ್ವನ ಕಣ್ಣು ಮುಚ್ಚಿಸುವಾಗಲೂ ಅದು ತಲೆಯಲ್ಲಿತ್ತು ಎನ್ನುವುದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು. ಎಲ್ಲರಿಗೂ ಬರುವ ಶ್ರುತಿ ಅವಳಿಗೂ ಬರುತ್ತಿತ್ತು. ಅವ್ವನ ಜೊತೆ ಎರಡನೇ ಕಂಠವಾಗಿ ಎಷ್ಟು ಅಂಗಳಗಳಲ್ಲಿ ಹಾಡಿದ್ದಾಳೋ. ಆದರೆ ಚರ್ಚಿನಿಂದ ಬಂದ ಮದುಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಹಾಡುವ ಆ ಹರಸುವ ಹಾಡು, ಬಾಗಿಲ ಹಾಡು, ಅವ್ವನ ಶ್ರುತಿಯಲ್ಲಿ ಮಾತ್ರ ನಿಲ್ಲುತ್ತಿತ್ತು. ಬೇರೆ ಶ್ರುತಿಯಲ್ಲಿ ಹಾಡಿದರೆ ಅದು ಸಂತೆಯ ಹಾಡಿನ ಹಾಗೆ ಕೇಳುತ್ತಿತ್ತು. ಈಗ ಆ ಶ್ರುತಿ ಮರದ ಪೆಟ್ಟಿಗೆಯಲ್ಲಿ ಹಾಗೇ ಕೂತಿದೆ. ವರ್ಷ ಕಳೆಯಲಿ, ತಿರುಗಿಸಿ, ಒಂದೊಂದೇ ತಂತಿ ಮೀಟಿ ಕೇಳಿಕೊಂಡರಾಯಿತು. ತಂತಿ ಸಡಿಲಿಸಬೇಕಾಗಿತ್ತು, ಅವ್ವನಾದರೆ ಸಡಿಲಿಸುತ್ತಿದ್ದಳು. ಎರ್ಮಿಂದಾ ಸಡಿಲಿಸಲಿಲ್ಲ.

ಹೊತ್ತು ಏರುವ ಮೊದಲೇ ನೆರೆಮನೆಯ ಮುದುಕಿ ಉಬಾಲ್ದಿನಾ ಬಂದಳು. ಬರುತ್ತಾಳೆಂದು ಎರ್ಮಿಂದಾಗೆ ಗೊತ್ತಿತ್ತು. ಸೂತಕ ಕಳೆಯಲೆಂದು ಕಾದು ಕೂತ ಹಾಗಿತ್ತು ಅವಳ ಮುಖ. ಮಾತೆ ಎಲೆಯ ಬಿಸಿ ಕಷಾಯ ಕುಡಿಯುತ್ತ ಕೋಳಿಗಳ ಸುದ್ದಿ, ಪಾದ್ರಿಯ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಮುಗಿಸಿ, ಕೊಳವೆಯನ್ನು ಒಮ್ಮೆ ಜೋರಾಗಿ ಹೀರಿ, ಮೊಮ್ಮಗಳು ಮಿರೆಯಾಳ ಮದುವೆ ತಿಂಗಳ ಕೊನೆಗೆ ಎಂದಳು. "ನಿನ್ನವ್ವ ನನ್ನ ಮದುವೇಲಿ ಬಾಗಿಲಲ್ಲಿ ನಿಂತು ಹಾಡಿದಳು. ನನ್ನ ಮಗಳದ್ದರಲ್ಲಿ ಹಾಡಿದಳು. ಯಾರೂ ಹಾಡದೆ ಹುಡುಗಿ ಹೊಸ್ತಿಲು ದಾಟೋದು ಅಂದ್ರೆ ಏನದು, ನಾಯಿ ಒಳಗೆ ನುಗ್ಗಿದ ಹಾಗೆ. ಗಂಡಿನ ಕಡೆಯೋರು ಪಟ್ಟಣದಿಂದ ಕ್ಯಾಸೆಟ್ ತರ್ತೀವಿ ಅಂತಿದ್ದಾರೆ. ನಾನಂದೆ, ಎರ್ಮಿಂದಾ ಇದ್ದಾಳೆ, ನಾನಿನ್ನೂ ಸತ್ತಿಲ್ಲ." ಹಾಗೆಂದು ಒಳಕೋಣೆಯ ಕಡೆ ನೋಡಿದಳು. ಎರ್ಮಿಂದಾ ಎದ್ದಳು. ಏಳದೆ ಬೇರೆ ದಾರಿ ಇರಲಿಲ್ಲ. ಸೊಸೆ ನೊಯೆಮಿ ಕೈಯಲ್ಲಿ ಹಿಟ್ಟಿನ ಬೋಗುಣಿ ಹಿಡಿದು ಬಾಗಿಲಿಗೆ ಬಂದು ನಿಂತಳು. ಕರಿ ಪಟ್ಟಿಯ ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ಮೊಳೆಯಿಂದ ಇಳಿಸುವಾಗ ಗಿಟಾರು ವಿಪರೀತ ಹಗುರವೆನ್ನಿಸಿತು, ಒಣಗಿದ ಸೋರೆಬುರುಡೆಯ ಹಾಗೆ. ತಿರುಗಿಸಿದಳು.

ಮುಂದಿನ ಹಲಗೆ ಸೀಳಿತ್ತು. ತಂತಿಗಳನ್ನು ಹಿಡಿದಿಟ್ಟ ಕುದುರೆಯ ಬುಡದಿಂದ ಕೆಳಗಿನ ಅಂಚಿನ ತನಕ ಒಂದು ಕರಿಗೆರೆ, ಬೆರಳುಗುರು ಇಳಿಯುವಷ್ಟು ಅಗಲ. ಗೆರೆಯ ಒಂದು ಬದಿ ತುಸು ಕುಸಿದು, ಇನ್ನೊಂದು ಬದಿ ತುಸು ಎದ್ದು, ಎರಡೂ ಒಂದರ ಮುಖ ಒಂದು ನೋಡದೆ ನಿಂತಿದ್ದವು. ಎರಡು ಬಿರಡೆ ತಾವಾಗಿ ಜಾರಿ ತಂತಿಗಳು ಜೋತು ಬಿದ್ದಿದ್ದವು. ಉಬಾಲ್ದಿನಾ ಶಿಲುಬೆಯ ಗುರುತು ಹಾಕಿಕೊಂಡು, ನಿನ್ನವ್ವ ಹೋಗುವಾಗ ತನ್ನದನ್ನು ತಾನೇ ಒಯ್ದಳು ಬಿಡು ಎಂದಳು. ಎರ್ಮಿಂದಾಳ ಎದೆಯಲ್ಲಿ ಮೊದಲು ಎದ್ದದ್ದು ನೋವಲ್ಲ. ಒಂದು ಬಿಡುಗಡೆ. ಇನ್ನು ಆ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ, ಅವ್ವನ ಹಾಗಿಲ್ಲ ಎಂದು ಯಾರೂ ಮೆಲ್ಲಗೆ ಅಂದುಕೊಳ್ಳುವ ಹಾಗಿಲ್ಲ, ಎರಡನೇ ಕಂಠ ಎರಡನೇ ಕಂಠವಾಗಿಯೇ ಸುಮ್ಮನಾಗಬಹುದು. ಆಮೇಲೆ ನಾಚಿಕೆ ಬಂತು, ಬಿಸಿನೀರು ಚೆಲ್ಲಿಕೊಂಡ ಹಾಗೆ. "ನಿನ್ನ ತಪ್ಪೇನಿಲ್ಲ ಮಗಳೇ," ಎನ್ನುತ್ತಿದ್ದಳು ಉಬಾಲ್ದಿನಾ, ತಪ್ಪು ಯಾರದ್ದೆಂದು ಗೊತ್ತಿರುವವಳ ದನಿಯಲ್ಲಿ. "ಹಾಗಾದ್ರೆ ಕ್ಯಾಸೆಟ್ಟೇ ಗತಿ." ಎರ್ಮಿಂದಾ ಬಾಯಿ ತೆರೆದಳು, ಹೌದು ಎನ್ನಲು. ಆಗ ನೊಯೆಮಿ ಬಾಗಿಲಿನಿಂದಲೇ, ಯಾರನ್ನೂ ನೋಡದೆ, "ಮದುವೆ ತಿಂಗಳ ಕೊನೆಗಲ್ವಾ ದೋನ್ಯಾ? ಇನ್ನೂ ದಿನ ಇದೆ," ಎಂದಳು. ಮದುವೆಯಾಗಿ ಬಂದಾಗಿನಿಂದ ದೊಡ್ಡವರ ಮಾತಿನ ನಡುವೆ ಬಾಯಿ ಹಾಕದ ಹುಡುಗಿ. ಉಬಾಲ್ದಿನಾ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಾಲಿಗೆ ಇದೆ ಇವಳಿಗೆ," ಎಂದು ಎದ್ದು ಹೋದಳು.

ಮಧ್ಯಾಹ್ನ ಗಂಡ ಬೆಲಾರ್ಮಿನೊ ಹುರುಳಿಕಾಯಿ ಬೀಜದ ಸಾರು ಉಣ್ಣುತ್ತ ಮೇಜಿನ ಮೇಲೆ ಮಲಗಿದ್ದ ಗಿಟಾರನ್ನೇ ನೋಡಿದ. ಎದ್ದು ಹೋಗಿ ಅದು ತೂಗುತ್ತಿದ್ದ ಗೋಡೆಗೆ ಅಂಗೈ ಇಟ್ಟ. ಗೋಡೆ ಬೆಚ್ಚಗಿತ್ತು. ಕಬ್ಬಿಣದ ಒಲೆಯನ್ನು ಹೊರಗಿನ ಅಡುಗೆಮನೆಯಿಂದ ಒಳಗೆ ತಂದು ಆ ಗೋಡೆಯ ಆಚೆ ಬದಿಗೆ ಕೂರಿಸಿದ್ದು ಕಳೆದ ಚಳಿಗಾಲದಲ್ಲಿ. ಅವ್ವ ಇರುವ ತನಕ ಒಲೆಯನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಎರ್ಮಿಂದಾಗೆ ಬೆಳಗಿನ ಚಳಿಯಲ್ಲಿ ಅಂಗಳ ದಾಟುವ ಕಷ್ಟ ತಪ್ಪಲಿ ಎಂದು ಅವನೇ ಹೊತ್ತು ತಂದಿದ್ದ. "ಒಲೆ ನಾನಿಟ್ಟದ್ದು," ಎಂದ ಬೆಲಾರ್ಮಿನೊ, ತಟ್ಟೆಯ ಮುಂದೆ ಮತ್ತೆ ಕೂತು. ತಂತಿಯನ್ನು ಬಿಗಿಯಾಗಿ ಬಿಟ್ಟದ್ದು ನಾನು ಎಂದು ಅವಳು ಹೇಳಬಹುದಿತ್ತು. ಅವನು ತಲೆ ತಗ್ಗಿಸಿ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿದ, ಹೆಚ್ಚಾಗಿಯೇ ಒರೆಸಿದ, ಅವಳು ನೋಡುತ್ತ ಕೂತಳು. ಅವನ ಮೇಲೆ ಹಾಕಿದ ಆ ಭಾರ ಸಂಜೆಯ ತನಕ ಅವಳ ಜೊತೆಗೇ ಓಡಾಡಿತು.

ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲು ಮುಂದಕ್ಕೆ ತಳ್ಳಿ ಅವಳು ತಂತಿ ಮೀಟಿದಳು. ಇದೇ ಗಳಿಗೆಗಾಗಿ ವರ್ಷವಿಡೀ ಕಾದಿದ್ದಳು; ಪೂಜೆಯ ನಡುವೆಯೂ, ಸಮಾಧಿಯ ಮೇಲೆ ಹೂ ಇಡುವಾಗಲೂ, ಒಳಗೊಂದು ಬೆರಳು ಇದಕ್ಕೇ ಚಡಪಡಿಸುತ್ತಿತ್ತು. ಎರಡು ತಂತಿ ಸುಮ್ಮನೆ ಪಟಪಟ ಎಂದವು. ಉಳಿದವೂ ಕೆಳಗೆ ಜಾರಿದ್ದವು, ಒಂದೊಂದು ಒಂದೊಂದಷ್ಟು. ಮರ ಒಣಗಿ ಬಿರಡೆಗಳು ಹಿಡಿತ ಬಿಟ್ಟಿದ್ದವು. ಹಲಗೆಯನ್ನು ಸೀಳುವಷ್ಟು ಹೊತ್ತು ಎಳೆದು ನಿಂತು, ಸೀಳಿದ ಮೇಲೆ ಜಾರಿರಬೇಕು. ಅವ್ವನದ್ದು ಎನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ತಾನು ಇಷ್ಟು ದಿನ ಕಾವಲು ಕಾದದ್ದು ಖಾಲಿ ಪೆಟ್ಟಿಗೆಗೆ. ಕಾವಲು ಕಾದದ್ದರಿಂದಲೇ ಪೆಟ್ಟಿಗೆಯೂ ಒಡೆಯಿತು. ಅವಳಿಗೆ ನಗು ಬಂತು, ಬಾಯಿಗೆ ಸೆರಗೊತ್ತಿದ ಹಾಗೆ ಮುಂಗೈ ಒತ್ತಿಕೊಂಡಳು. ನಂತರ ಬಿರಡೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದಳು. ಮರ ಮರಕ್ಕೆ ಉಜ್ಜಿ ಕಿರ್ ಎಂದಿತು. ತಂತಿ ಸಡಿಲಾಗುತ್ತ ಬಂದ ಹಾಗೆ ಕುಸಿದ ಹಲಗೆ, ಮಂಡಿಯೂರಿದವಳು ಏಳುವ ಹಾಗೆ, ಕೂದಲೆಳೆಯಷ್ಟು ಮೇಲಕ್ಕೆ ಬಂತು. ಅವಳು ಕೈ ನಿಲ್ಲಿಸಿದಳು. ಅವ್ವ ಪ್ರತಿ ಸಲ ಮಾಡುತ್ತಿದ್ದದ್ದು ಇದು. ಕಳ್ಳರಿಗೆ ಹೆದರಿ ಸಡಿಲಿಸುತ್ತಿದ್ದಳೋ, ಹಲಗೆಗೆ ಉಸಿರಾಡಲು ಬಿಡುತ್ತಿದ್ದಳೋ? ಬೇಸಿಗೆಯಲ್ಲಿ ಗಿಟಾರಿನ ಕೆಳಗೆ ಒಂದು ಮಣ್ಣಿನ ಬಟ್ಟಲಲ್ಲಿ ನೀರು ಇಡುತ್ತಿದ್ದಳು. ಬೆಕ್ಕಿಗೆಂದು ಎಲ್ಲರೂ ತಿಳಿದಿದ್ದರು, ಬೆಕ್ಕೂ ಹಾಗೇ ತಿಳಿದಿತ್ತು. ಸೂತಕದ ಮನೆ ಗುಡಿಸುವಾಗ ಆ ಬಟ್ಟಲನ್ನು ಎತ್ತಿ ಹಿತ್ತಲಿಗೆ ಹಾಕಿದ್ದು ಎರ್ಮಿಂದಾಳೇ. ಎರಡೂ ಇದ್ದಿರಬಹುದು, ಅವ್ವನಲ್ಲಿ. ಜಿಪುಣತನ ಮತ್ತು ಅಕ್ಕರೆ ಒಂದೇ ಬಿರಡೆಗೆ ಸುತ್ತಿಕೊಂಡಿದ್ದರೆ ಅದನ್ನು ಬೇರೆ ಮಾಡಿ ನೋಡಲು ಇನ್ನು ಯಾರಿದ್ದಾರೆ?

ಹಿತ್ತಲಲ್ಲಿ ಬಟ್ಟಲು ಸಿಕ್ಕಿತು, ಅಂಚು ಮುಕ್ಕಾಗಿತ್ತು. ಅದರಲ್ಲಿ ನೀರು ತುಂಬಿ, ವೈನಿನ ಮಣ್ಣುಹರವಿಗಳಿದ್ದ ನೆಲಮಾಳಿಗೆಯಲ್ಲಿ ಇಟ್ಟು, ನೆಲಕ್ಕೂ ನೀರು ಚಿಮುಕಿಸಿ, ಗಿಟಾರನ್ನು ಅದರ ಮೇಲೆ ತೂಗು ಹಾಕಿದಳು, ಈ ಸಲ ಮುಖ ಹೊರಗೆ ಮಾಡಿ. ಬೆಲಾರ್ಮಿನೊ ಇಣುಕಿ ನೋಡಿ, "ನನ್ನನ್ನ ಒಂದು ದಿನವೂ ವೈನಿನ ಜೊತೆ ಮಲಗೋಕೆ ಬಿಟ್ಟವಳಲ್ಲ ನೀನು," ಎಂದ. ಅವಳು ಆಗ ಹೇಳಿದಳು, ಒಲೆಯೊಂದೇ ಅಲ್ಲ, ತಂತಿ ಬಿಚ್ಚದೆ ಬಿಟ್ಟದ್ದು ತಾನು ಎಂದು. ಒಲೆಯನ್ನು ಮತ್ತೆ ಹೊರಗೆ ಹಾಕಲೇ ಎಂದು ಅವನು ಕೇಳಿದ. ಬೇಡ ಎಂದಳು. ಚಳಿಯಲ್ಲಿ ಬೆಚ್ಚಗಿರುವುದು ಪಾಪವೇನಲ್ಲ ಎನ್ನುವುದು ಹೇಳುವಾಗಲೇ ಅವಳಿಗೆ ಹೊಳೆದದ್ದು.

ದಿನಾ ಬೆಳಿಗ್ಗೆ ಕೋಳಿಗಳಿಗಿಂತ ಮೊದಲು ನೆಲಮಾಳಿಗೆಗೆ ಇಳಿಯುವುದು ಅಭ್ಯಾಸವಾಯಿತು. ಮರ ತೇವ ಕುಡಿಯುತ್ತಿತ್ತು. ಮೊದಲು ಉಗುರು ಇಳಿಯುತ್ತಿದ್ದ ಸೀಳಿನಲ್ಲಿ ಆಮೇಲೆ ಕಾಗದದ ಅಂಚು ಮಾತ್ರ ಇಳಿಯಿತು, ಆಮೇಲೆ ಅದೂ ಇಲ್ಲ. ನೊಯೆಮಿ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಕೆಳಗೆ ಬಾ ಎಂದು ಎರ್ಮಿಂದಾ ಕರೆಯುತ್ತಿರಲಿಲ್ಲ, ಬರಬೇಡ ಎಂದೂ ಅನ್ನುತ್ತಿರಲಿಲ್ಲ. ಈ ಹುಡುಗಿ ಬಟ್ಟೆ ಒಗೆಯುವಾಗ ಗುನುಗುವುದನ್ನು ಅವಳು ಕೇಳಿದ್ದಳು, ಕೇಳಿಸದ ಹಾಗೆ ಇದ್ದುಬಿಟ್ಟಿದ್ದಳು. ಯಾಕೆ ಎಂದು ಈಗ ಕೇಳಿಕೊಂಡರೆ ಉತ್ತರ ಅಷ್ಟು ದೂರವೇನೂ ಇರಲಿಲ್ಲ.

ಅಂಟು ಹಾಕುವ ದಿನ ಕಷ್ಟ ಬಂತು. ಸೀಳು ಮತ್ತೆ ಬಾಯಿ ಬಿಡದ ಹಾಗೆ ಒಳಗಡೆಯಿಂದ ಅಡ್ಡಡ್ಡಲಾಗಿ ತೆಳು ಚಕ್ಕೆ ಅಂಟಿಸಬೇಕು. ಸೇಬಿನ ಪೆಟ್ಟಿಗೆಯ ಹಲಗೆಯಿಂದ ಬೆಲಾರ್ಮಿನೊ ಚಕ್ಕೆ ಕೆತ್ತಿ ಕೊಟ್ಟಿದ್ದ. ಬಡಗಿಯ ಅಂಟು ಬಿಸಿನೀರಿನ ಪಾತ್ರೆಯೊಳಗೆ ಕರಗಿ ಕೆಟ್ಟ ವಾಸನೆ ಹೊಡೆಯುತ್ತಿತ್ತು. ಎರ್ಮಿಂದಾ ಗಿಟಾರಿನ ದುಂಡು ಬಾಯಿಯೊಳಗೆ ಕೈ ತೂರಿಸಿದಳು. ಗೆಣ್ಣು ಊದಿದ ಕೈ ಮಣಿಕಟ್ಟಿನ ತನಕವೂ ಇಳಿಯಲಿಲ್ಲ. ಮತ್ತೊಮ್ಮೆ ಒತ್ತಿದಳು. ನೊಯೆಮಿ ಆಗಲೇ ತೋಳು ಮೇಲಕ್ಕೇರಿಸಿ ನಿಂತಿದ್ದಳು. ಅವಳ ಕೈ ಹಾವಿನ ಹಾಗೆ ಒಳಗೆ ಹೋಯಿತು.

"ಏನು ಸಿಗ್ತಾ ಇದೆ?"

"ಧೂಳು, ಅತ್ತೆ. ಒಂದು ಕಡ್ಡಿ. ಒಣಗಿದ ಜೇಡ." ಬೆರಳನ್ನು ಇನ್ನೂ ಒಳಕ್ಕೆ ಚಾಚಿ, "ಒಳಗೆ ತಣ್ಣಗಿದೆ," ಎಂದಳು.

ಕೈ ಹೊರಗೆಳೆದು, ಹೊತ್ತಿಸಿದ ಬ್ಯಾಟರಿ ದೀಪವನ್ನು ಒಳಗಿಳಿಸಿ, ಕೋಣೆಯ ಬಾಗಿಲು ಮುಚ್ಚಿ ನೋಡಿದರು. ಎಲ್ಲ ಮುಚ್ಚಿಕೊಂಡಿದೆ ಎಂದುಕೊಂಡಿದ್ದ ಸೀಳಿನ ಉದ್ದಕ್ಕೂ ಬೆಳಕು ದಾರದಂತೆ ಹೊರಗೆ ಬಂತು. ಎರ್ಮಿಂದಾ ಅದರ ಮೇಲೆ ಅಂಟು ಹಚ್ಚಿ ಹೊರಗಿನಿಂದ ಹೆಬ್ಬೆರಳಲ್ಲಿ ತಿಕ್ಕಿದಳು. ಬೆಳಕಿನ ದಾರ ಅಲ್ಲಲ್ಲಿ ತುಂಡಾಗಿ, ಚುಕ್ಕಿಗಳಾಗಿ, ಆರಿತು. ಬ್ಯಾಟರಿ ತೆಗೆದ ಮೇಲೆ ಚಕ್ಕೆಗಳ ಸರದಿ. ಒಳಗಿನ ಕೈಗೆ ಕಣ್ಣಿಲ್ಲ, ಹೊರಗಿನ ಕಣ್ಣಿಗೆ ಕೈ ನಿಲುಕುವುದಿಲ್ಲ. ಎರ್ಮಿಂದಾ ಗೆಣ್ಣಿನಿಂದ ಹಲಗೆ ತಟ್ಟುವಳು, "ಇಲ್ಲಿ." ಒಳಗಿನಿಂದ ಬೆರಳು ತಿರುಗಿ ತಟ್ಟುವುದು. "ಇನ್ನೂ ನನ್ನ ಕಡೆಗೆ." ಮತ್ತೆ ತಟ್ಟು. ಕೊನೆಗೆ ಹಲಗೆಯ ಈಚೆ ಒಂದು ಹೆಬ್ಬೆರಳು, ಆಚೆ ಒಂದು ಹೆಬ್ಬೆರಳು, ನಡುವೆ ತೆಳ್ಳನೆಯ ಮರ. ಅಂಟು ಹಿಡಿಯುವ ತನಕ ಇಬ್ಬರೂ ಅಲುಗಾಡುವಂತಿರಲಿಲ್ಲ. ನೊಯೆಮಿಯ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು. ಹುಡುಗಿ ಸೀನು ಬರುತ್ತಿದೆ ಎಂದಳು. ಸೀನಿದರೆ ಮದುವೆಗೆ ನೀನೇ ಕ್ಯಾಸೆಟ್ ಆಗಬೇಕು ಎಂದಳು ಎರ್ಮಿಂದಾ. ಇಬ್ಬರೂ ನಗಲಾಗದೆ ನಡುಗಿದರು. ಗಿಟಾರಿನ ಹೊಟ್ಟೆಯಲ್ಲಿ ಆ ನಡುಕ ಗುಂಯ್ ಎಂದಿತು.

ಮದುವೆಯ ಹಿಂದಿನ ಮಧ್ಯಾಹ್ನ ಹೊಸ ತಂತಿ ಬಿಗಿದಳು. ಹಲಗೆ ತಡೆದುಕೊಂಡಿತು. ಸೀಳಿದ ಜಾಗದಲ್ಲಿ ಜೇನಿನ ಬಣ್ಣದ ಕಲೆ ಉಳಿದಿತ್ತು, ಬೆರಳಾಡಿಸಿದರೆ ಸಣ್ಣ ಏಣು ಸಿಗುತ್ತಿತ್ತು. ಆದರೆ ಶ್ರುತಿ ಸಿಗಲಿಲ್ಲ. ಅಂಗಳಕ್ಕೆ ಮುಖ ಮಾಡಿ ಕೂತು, ಬಿರಡೆಗಳನ್ನೇ ನೋಡುತ್ತ, ಅವ್ವನ ಕೈ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಿನಲ್ಲಿ ಕೈಯೇ ಇರಲಿಲ್ಲ. ನೋಡಿದ್ದರೆ ತಾನೆ ನೆನಪಾಗಲು. ಏನು ಮಾಡಿದರೂ ಅದು ಸಂತೆಯ ಗಿಟಾರೇ. ಉಬಾಲ್ದಿನಾಳ ಮನೆಗೆ ಹೇಳಿ ಕಳಿಸಿಬಿಡಬೇಕು, ಕ್ಯಾಸೆಟ್ ತರಲಿ, ಯಾರ ಗಂಟು ಹೋಯಿತು. ಸಿಟ್ಟಿನಲ್ಲಿ ಎದ್ದಳು, ಹಳೇ ನಾಚಿಕೆ ಎದ್ದ ಹಾಗೆ ಎದ್ದಳು. ಏನು ಮಾಡುತ್ತಿದ್ದೇನೆಂದು ಪೂರ್ತಿ ತಿಳಿಯದೆ ಕುರ್ಚಿಯನ್ನು ಎಳೆದು, ಗೋಡೆಗೆ ಮುಖ ಮಾಡಿ ಕೂತಳು.

ಸುಣ್ಣ. ಸುಣ್ಣದ ಉಬ್ಬುತಗ್ಗು. ಮೂಗಿನ ತುದಿಗೆ ಅದರ ತಂಪು. ಕಣ್ಣಿಗೆ ಕೆಲಸವಿಲ್ಲ. ಬೆನ್ನ ಹಿಂದೆ ಅಂಗಳ ಹಿಗ್ಗಿತು, ಗಂಡಸರ ನಗು ಹಿಂದಕ್ಕೆ ಸರಿಯಿತು, ಕಿವಿ ಸುಡತೊಡಗಿತು, ಆ ಸುಡುವ ಕಿವಿಯೊಳಗೆ ಬಿರಡೆ ಕಿರ್ ಎಂದಿತು. ಮೊದಲು ದಪ್ಪ ತಂತಿಯದ್ದು, ಎರಡು ಸಣ್ಣ ಕಿರುಚು ಕೆಳಕ್ಕೆ. ಆಮೇಲೆ ಅವ್ವ ಗಂಟಲು ಸರಿ ಮಾಡಿಕೊಳ್ಳುತ್ತಿದ್ದಳು, ತನ್ನ ದನಿಯಲ್ಲಿ ಒಂದು ಎಳೆ ಎಳೆದು ಅದಕ್ಕೆ ಮುಂದಿನ ತಂತಿಯನ್ನು ಕೂಡಿಸುತ್ತಿದ್ದಳು. ಹೌದು, ಪ್ರತಿ ಸಲ. ಚಳಿಗಾಲದಲ್ಲಿ ದನಿ ತಗ್ಗಿದರೆ ಇಡೀ ಶ್ರುತಿಯೂ ತಗ್ಗುತ್ತಿತ್ತು. ಎರ್ಮಿಂದಾ ಅಂಥದ್ದೇ ಎಳೆಯನ್ನು ತನ್ನ ದನಿಯಲ್ಲಿ ಎಳೆದಳು. ಅವಳ ದನಿ ಅವ್ವನದಕ್ಕಿಂತ ಕೆಳಗೆ, ತುಸು ಒರಟು. ತಂತಿ ಅಲ್ಲಿಗೇ ಇಳಿದು ಬಂದು ಕೂಡಿತು. ಒಂದಾದ ಮೇಲೊಂದು ಬಂದವು, ಕತ್ತಲಲ್ಲಿ ಮೆಟ್ಟಿಲು ಕಾಲಿಗೆ ಸಿಗುವ ಹಾಗೆ. ಮೂರನೆಯ ತಂತಿಯೊಂದು ಮಾತ್ರ ಅನುಮಾನ. ಹೀಗೂ ಇರಬಹುದು, ಹಾಗೂ ಇರಬಹುದು. ತನ್ನ ಹಾಡಿಗೆ ಒಗ್ಗುವ ಕಡೆಗೆ ಅದನ್ನು ನಿಲ್ಲಿಸಿದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಮೊಣಕೈ ಗೋಡೆಗೆ ತಾಗಿ ಸುಣ್ಣ ಹತ್ತಿತು. ಏಳುವ ಮೊದಲು ತಂತಿಗಳನ್ನೆಲ್ಲ ಸಡಿಲಿಸಿದಳು. ಶ್ರುತಿಯನ್ನು ನಾಳೆ ಮತ್ತೆ ಕರೆದರಾಯಿತು.

ಮರುದಿನ ಉಬಾಲ್ದಿನಾಳ ಮನೆಯ ಮುಂದೆ ಜನ ಸೇರಿದ್ದರು. ಚರ್ಚಿನಿಂದ ಬಂದ ಗಾಡಿ ಧೂಳೆಬ್ಬಿಸಿ ನಿಂತಿತು. ಮಿರೆಯಾ ಬಿಳಿ ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲ ಈಚೆ ನಿಂತಳು, ಪಕ್ಕದಲ್ಲಿ ಗಂಡ, ಬಿಗಿ ಬೂಟಿನಲ್ಲಿ ಕಾಲು ಬದಲಿಸುತ್ತ. ಗಂಡಿನ ಕಡೆಯವರೊಬ್ಬರು ಕಿಟಕಿಯಲ್ಲಿ ಕ್ಯಾಸೆಟ್ಟಿನ ಯಂತ್ರ ಇಟ್ಟೇ ಇಟ್ಟಿದ್ದರು, ಕೈಮೀರಿದರೆ ಇರಲಿ ಎಂದು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಎರ್ಮಿಂದಾ ಕೂತಳು. ಗಿಟಾರಿನ ಮುಖ ನೋಡಿ ಉಬಾಲ್ದಿನಾ, ಹೊಟ್ಟೆ ಕೊಯ್ದು ಹೊಲಿದ ಹಾಗಿದೆಯಲ್ಲೇ ಎಂದಳು. ಹೊಲಿಸಿಕೊಂಡವರೂ ಹಾಡುತ್ತಾರೆ ಎಂದಳು ಎರ್ಮಿಂದಾ. ಬಿರಡೆಗೆ ಕೈ ಹಾಕಿದಳು. ಪಕ್ಕದಲ್ಲಿ ಅವಳ ಶಾಲು ಹಿಡಿದು ನಿಂತಿದ್ದ ನೊಯೆಮಿ, ಯಾರೂ ಹೇಳದೆಯೇ, ಹಾಡುವವರ ಮನೆಯ ಹೆಣ್ಣು ಮಾಡಬೇಕಾದ್ದನ್ನು ಮಾಡಿದಳು. ತಲೆ ತಗ್ಗಿಸಿ, ಮೆಲ್ಲನೆ, ಗೋಡೆಯ ಕಡೆ ತಿರುಗಿ ನಿಂತಳು. ಕೂದಲು ಮೇಲಕ್ಕೆ ಕಟ್ಟಿದ್ದ ಅವಳ ಕಿವಿ ಎರ್ಮಿಂದಾಗೆ ಕಾಣುತ್ತಿತ್ತು. ಅದು ಕೆಂಪಾಗುತ್ತ ಬಂತು.

ಮದುಮಕ್ಕಳು ಕಾಯುತ್ತಿದ್ದರು. ಎಲ್ಲರೂ ಕಾಯುತ್ತಿದ್ದರು.

"ನೊಯೆಮಿ," ಎಂದಳು ಎರ್ಮಿಂದಾ, "ಈ ಕಡೆ ತಿರುಗು."

ಹುಡುಗಿಗೆ ಕೇಳಿಸಿತು, ನಂಬಿಕೆ ಬರಲಿಲ್ಲ. ಎರ್ಮಿಂದಾ ಕುರ್ಚಿಯನ್ನೇ ತುಸು ಅವಳ ಕಡೆ ಸರಿಸಿ, ಗಿಟಾರಿನ ತಲೆಯನ್ನು ಬೆಳಕಿಗೆ ಹಿಡಿದಳು. ನೊಯೆಮಿ ತಿರುಗಿದ ಮೇಲೆ, ಅವಳ ಕಣ್ಣು ಬಂದು ತನ್ನ ಬೆರಳುಗಳ ಮೇಲೆ ಕೂತ ಮೇಲೆ, ಎರ್ಮಿಂದಾ ತನ್ನ ದನಿಯಲ್ಲಿ ಒಂದು ಎಳೆ ಎಳೆದು, ದಪ್ಪ ತಂತಿಯ ಬಿರಡೆಯನ್ನು ತಿರುವತೊಡಗಿದಳು, ನಿಧಾನವಾಗಿ, ನೋಡುವವಳಿಗೆ ಕಾಣುವಷ್ಟು ನಿಧಾನವಾಗಿ.